ಕಾಲಿನ ರಕ್ತ ಮೇಲೇರುವ ಬಗೆ

ಬಾದಾಮಿ ಸೀಮೆಯ ಪಟ್ಟದಕಲ್ಲನ್ನೂ ಮುಂದೆ ಐಹೊಳೆಯನ್ನೂ ಹಾದು ಬರುವ ಮಲಪ್ರಭೆಯು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಹಳ್ಳಗಳು ಕೂಡಿ ಹೊಳೆಯಾಗುತ್ತವೆ. ಹೊಳೆಗಳು ಕೂಡಿ ನದಿಯಾಗುತ್ತವೆ. ನಮ್ಮ ದೇಹದ ಸಿರೆಗಳ ಏರ್ಪಾಡೂ ಇಂಥದೇ. ಕೂದಲೆಳೆಗಿಂತ ಸಣ್ಣ ನಾಳಗಳು ಒಂದನ್ನೊಂದು ಕೂಡುತ್ತ ಬಂದು, ಕೊನೆಗೆ ಎರಡು ಮಹಾಸಿರೆಗಳಾಗಿ ಹೃದಯವನ್ನು ಸೇರುತ್ತವೆ. ಆದರೆ ನದಿಗೆ ಇಳಿಜಾರುಂಟು; ನಿಂತ ಮನುಷ್ಯನ ಕಾಲಿನ ರಕ್ತಕ್ಕೆ ಅದಿಲ್ಲ. ಪಾದದಿಂದ ಹೃದಯದವರೆಗೆ ಸುಮಾರು 1.2 ಮೀಟರು ಎತ್ತರವನ್ನು ಅದು ಏರಬೇಕು. ಈ ಏರಿಕೆ ಹೇಗೆ ಸಾಧ್ಯವಾಗುತ್ತದೆ?

ಹೃದಯದಿಂದ ಹೊರಡುವ ದಾರಿಯನ್ನು ಮೊದಲು ನೋಡೋಣ. ಮಹಾಧಮನಿಯ ವ್ಯಾಸ ಸುಮಾರು 2.5 ಸೆಂಟಿಮೀಟರು. ಅದು ನೀರಾವರಿಯ ಕಾಲುವೆಯಂತೆ ಕವಲೊಡೆಯುತ್ತ ಕಿರಿದಾಗುತ್ತದೆ. ಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ: ಒಳಗೆ ನುಣುಪಾದ ತೆಳುಪೊರೆ, ನಡುವೆ ಸ್ನಾಯುವೂ ಹಿಗ್ಗುವ ತಂತುಗಳೂ ಬೆರೆತ ದಪ್ಪ ಪದರ, ಹೊರಗೆ ನಾರಿನ ಹೊದಿಕೆ. ಹೃದಯವು ಸಂಕುಚಿಸಿದಾಗ ದೊಡ್ಡ ಧಮನಿಗಳು ಹಿಗ್ಗುತ್ತವೆ. ಅದು ವಿರಮಿಸಿದಾಗ ತಾವು ಕುಗ್ಗಿ ರಕ್ತವನ್ನು ಮುಂದೂಡುತ್ತವೆ. ಮಣಿಕಟ್ಟಿನಲ್ಲಿ ಬೆರಳಿಗೆ ತಾಗುವ ನಾಡಿ ಈ ಹಿಗ್ಗುವಿಕೆಯ ಅಲೆಯೇ ಆಗಿದೆ.

ಧಮನಿಗಳ ಕವಲುಗಳು ಲೋಮನಾಳಗಳಲ್ಲಿ ಮುಗಿಯುತ್ತವೆ. ಇವುಗಳ ಗೋಡೆ ಒಂದೇ ಜೀವಕೋಶದಷ್ಟು ತೆಳು. ಕೆಂಪು ಕಣಗಳು ಇಲ್ಲಿ ಒಂದರ ಹಿಂದೊಂದು, ಮೈ ಬಗ್ಗಿಸಿಕೊಂಡು ನುಸುಳುತ್ತವೆ. ಆಮ್ಲಜನಕವೂ ಆಹಾರಾಂಶಗಳೂ ಅಂಗಾಂಶಕ್ಕೆ ಸಲ್ಲುವುದು ಇಲ್ಲಿಯೇ. 1628ರಲ್ಲಿ ರಕ್ತದ ಪರಿಚಲನೆಯನ್ನು ಸಾಧಿಸಿ ತೋರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು ಈ ನಾಳಗಳನ್ನು ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿಯು ಸೂಕ್ಷ್ಮದರ್ಶಕದ ಮೂಲಕ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಕಂಡನು.

ಲೋಮನಾಳಗಳನ್ನು ದಾಟುವ ವೇಳೆಗೆ ಹೃದಯ ಕೊಟ್ಟ ಒತ್ತಡವು ಬಹುಪಾಲು ವ್ಯಯವಾಗಿರುತ್ತದೆ. ಸಿರೆಯ ಗೋಡೆಯಲ್ಲಿಯೂ ಮೂರು ಪದರಗಳುಂಟು. ಆದರೆ ನಡುವಣ ಪದರ ತೆಳುವಾದುದರಿಂದ ಸಿರೆ ಸುಲಭವಾಗಿ ಹಿಗ್ಗುತ್ತದೆ. ಅಲುಗದೆ ನಿಂತವನ ಪಾದದ ಸಿರೆಯಲ್ಲಿ, ಮೇಲಿರುವ ರಕ್ತದ ಭಾರದಿಂದ, ಒತ್ತಡವು ಪಾದರಸದ ಸುಮಾರು 90 ಮಿಲಿಮೀಟರಿಗೆ ಏರುತ್ತದೆ. ಆಗ ಸಿರೆಗಳು ಉಬ್ಬುತ್ತವೆ. ಲೋಮನಾಳಗಳಿಂದ ದ್ರವವು ಜಿನುಗಿ ಪಾದ ಬಾವುತ್ತದೆ.

ಇದಕ್ಕೆ ಪ್ರತಿಯಾಗಿ ಸಿರೆಗಳೊಳಗೆ ಕವಾಟಗಳಿವೆ. ಇವು ಹೃದಯದ ಕಡೆಗೆ ಮಾತ್ರ ತೆರೆಯುವ ಜೋಡಿ ಜೇಬುಗಳು. ಹಾರ್ವೆ ತೋರಿಸಿದ ಪರೀಕ್ಷೆಯನ್ನು ನಾವೂ ಮಾಡಬಹುದು. ಕೈಯನ್ನು ಕೆಳಗೆ ಜೋಲುಬಿಟ್ಟು, ಉಬ್ಬಿದ ಸಿರೆಯೊಂದನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ, ಕವಾಟವನ್ನು ದಾಟಿಸಿ ಸವರಬೇಕು. ಆಮೇಲೆ ಮೇಲಿನ ಬೆರಳನ್ನು ತೆಗೆದರೂ ಕವಾಟದ ಕೆಳಗಿನ ಭಾಗ ಬರಿದಾಗಿಯೇ ಉಳಿಯುತ್ತದೆ. ಕೆಳಗಿನ ಬೆರಳನ್ನು ಎತ್ತಿದೊಡನೆ ಅದು ತುಂಬಿಕೊಳ್ಳುತ್ತದೆ.

ಕವಾಟವು ಬೀಳುವ ರಕ್ತವನ್ನು ತಡೆಯಬಲ್ಲದೇ ಹೊರತು ಎತ್ತಲಾರದು. ಎತ್ತುವ ಕೆಲಸ ಮುಖ್ಯವಾಗಿ ಮೀನಖಂಡದ ಸ್ನಾಯುಗಳದು. ಬಾದಾಮಿಯ ಗುಹೆಗಳ ಮೆಟ್ಟಿಲೇರುವಾಗ ಈ ಸ್ನಾಯುಗಳು ಬಿಗಿದು ತಮ್ಮ ನಡುವಣ ಆಳದ ಸಿರೆಗಳನ್ನು ಹಿಂಡುತ್ತವೆ. ರಕ್ತವು ಮೇಲಕ್ಕೆ ಚಿಮ್ಮುತ್ತದೆ. ಸಡಿಲಿದಾಗ ಕೆಳಗಿನ ರಕ್ತವು ಒಳಕ್ಕೆ ಬರುತ್ತದೆ. ನಡೆಯುವವನ ಪಾದದ ಸಿರೆಯಲ್ಲಿ ಒತ್ತಡವು 30 ಮಿಲಿಮೀಟರಿನ ಆಸುಪಾಸಿಗೆ ಇಳಿಯುವುದು ಇದರಿಂದಲೇ. ಮೀನಖಂಡವನ್ನು ಎರಡನೆಯ ಹೃದಯವೆನ್ನುವುದು ಅತಿಶಯೋಕ್ತಿಯಲ್ಲ.

ಇಳಕಲ್ಲಿನ ಸೀರೆಯಲ್ಲಿ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸುವ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಕುಣಿಮಗ್ಗದ ಕುಣಿಯೊಳಗಿನ ಕಾಲುಗಳನ್ನು ನೋಡುವವರು ವಿರಳ. ನೇಕಾರನು ಕುಳಿತೇ ಇದ್ದರೂ ಅವನ ಪಾದಗಳು ಕಾಲುಮಣೆಗಳನ್ನು ಒಂದಾದಮೇಲೊಂದರಂತೆ ತುಳಿಯುತ್ತಿರುತ್ತವೆ. ಪ್ರತಿ ತುಳಿತಕ್ಕೂ ಮೀನಖಂಡ ಒಮ್ಮೆ ಬಿಗಿಯುತ್ತದೆ. ವಿದ್ಯುನ್ಮಗ್ಗದ ಮುಂದೆ ನಿಂತು ಎಳೆ ಕಾಯುವವನ ಸ್ಥಿತಿ ಬೇರೆ. ಬಾಗಲಕೋಟೆಯ ಪೇಟೆಯಲ್ಲಿ ಹಗಲಿಡೀ ಗಲ್ಲೆಯ ಮುಂದೆ ನಿಲ್ಲುವವನದೂ ಅಷ್ಟೆ. ಅವರ ಕಾಲಿಗೆ ಭಾರವುಂಟು, ಚಲನೆ ಕಡಿಮೆ.

ಹೀಗೆ ವರ್ಷಗಟ್ಟಲೆ ನಿಂತವರಲ್ಲಿ, ಅದರಲ್ಲಿಯೂ ಮನೆತನದಲ್ಲಿ ಈ ದೋಷವಿರುವವರಲ್ಲಿ, ಚರ್ಮದ ಕೆಳಗಿನ ಸಿರೆಗಳು ಹಿಗ್ಗಿ, ಕವಾಟದ ಅಂಚುಗಳು ಒಂದನ್ನೊಂದು ಮುಟ್ಟದಾಗುತ್ತವೆ. ಆಗ ಮೇಲಿನ ರಕ್ತವು ಕೆಳಗಿನ ಕವಾಟದ ಮೇಲೆ ಬೀಳುತ್ತದೆ. ಕ್ರಮೇಣ ಅದೂ ಸೋಲುತ್ತದೆ. ಸಿರೆಗಳು ಹಾವಿನಂತೆ ಸುತ್ತಿಕೊಂಡು ಉಬ್ಬಿ ಕಾಣುತ್ತವೆ. ಅಲಕ್ಷಿಸಿದರೆ ಕಣಕಾಲಿನ ಬಳಿ ಚರ್ಮ ಕಪ್ಪಾಗಿ, ಬೇಗ ಮಾಯದ ಹುಣ್ಣು ಆಗಬಹುದು. ಆಗಾಗ ಹಿಮ್ಮಡಿಯೆತ್ತಿ ಇಳಿಸುವುದು, ನಾಲ್ಕು ಹೆಜ್ಜೆ ನಡೆಯುವುದು, ಮಲಗುವಾಗ ಕಾಲನ್ನು ಎತ್ತರಿಸುವುದು ಬಾವನ್ನು ಇಳಿಸುತ್ತವೆ. ಕೆಟ್ಟ ಕವಾಟವನ್ನು ಮಾತ್ರ ಸರಿಪಡಿಸಲಾರವು. ಅಂಥ ಸಿರೆಯನ್ನು ವೈದ್ಯರು ಪರೀಕ್ಷಿಸಿ ಮುಚ್ಚಿಬಿಡುತ್ತಾರೆ ಅಥವಾ ತೆಗೆಯುತ್ತಾರೆ. ಆಳದ ಸಿರೆಗಳು ಸುಸ್ಥಿತಿಯಲ್ಲಿದ್ದರೆ, ಅಲ್ಲಿ ಹರಿಯುತ್ತಿದ್ದ ರಕ್ತವನ್ನು ಅವೇ ಮೇಲಕ್ಕೆ ಒಯ್ಯುತ್ತವೆ.