ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕಾರ್ಖಾನೆಯ ಕೆಲಸ

ಕಾರ್ಖಾನೆಗಳಲ್ಲಿ ಕೃತಕ ಬುದ್ಧಿಮತ್ತೆ ಹೆಚ್ಚಾಗಿ ಕಣ್ಣು, ಕಿವಿಗಳ ಕೆಲಸ ಮಾಡುತ್ತದೆ. ಮಗ್ಗದಿಂದ ಇಳಿಯುವ ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಕ್ಯಾಮೆರಾ ಹಿಡಿಯುತ್ತದೆ. ಮೋಟಾರಿನ ಬೇರಿಂಗ್ ಸವೆದರೆ ಕಂಪನ ಬದಲಾಗುತ್ತದೆ. ಸೆನ್ಸರ್ ಅದನ್ನು ದಾಖಲಿಸುತ್ತದೆ, ಮೋಟಾರು ಕೆಟ್ಟು ನಿಲ್ಲುವ ಮೊದಲೇ ತಂತ್ರಾಂಶ ಎಚ್ಚರಿಸುತ್ತದೆ. ಆ ಎಚ್ಚರಿಕೆ ನಿಜವೇ ಎಂದು ಪರೀಕ್ಷಿಸಿ, ಬೇರಿಂಗ್ ಬಿಚ್ಚಿ ಹೊಸದನ್ನು ಕೂರಿಸುವುದು ಮಾತ್ರ ಫಿಟ್ಟರ್‌ನ ಕೆಲಸ.

ಆದ್ದರಿಂದ ಈ ಕೆಲಸಕ್ಕೆ ತಯಾರಿ ಆರಂಭವಾಗಬೇಕಾದದ್ದು ಕಂಪ್ಯೂಟರಿನಿಂದಲ್ಲ, ಅಳತೆಯಿಂದ. ವರ್ನಿಯರ್, ಮೈಕ್ರೋಮೀಟರ್, ನಕ್ಷೆ ಓದುವುದು, ವಿದ್ಯುತ್ ಸುರಕ್ಷತೆ ಮೊದಲು. ಆಮೇಲೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ), ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ನಿಯಂತ್ರಕ), ಸೆನ್ಸರ್ ಜೋಡಣೆ. ಜೊತೆಗೆ ಅಂಕಿಅಂಶದ ಕೋಷ್ಟಕ ಓದುವ ಅಭ್ಯಾಸ.

ಇವನ್ನು ಕಲಿಯಲು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಂಥ ಊರಿನ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ನಂತರ ಐಟಿಐ, ಡಿಪ್ಲೊಮಾ ದಾರಿಗಳಿವೆ. ಹಾಸನದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ (ಜಿಟಿಟಿಸಿ) ಇದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಐಟಿಐಗಳು 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡವು. ಅಲ್ಲಿ ಕೈಗಾರಿಕಾ ರೋಬೋಟಿಕ್ಸ್, ಸುಧಾರಿತ ಸಿಎನ್‌ಸಿ ಕೋರ್ಸ್‌ಗಳು ಬಂದಿವೆ.

ಕೋರ್ಸ್ ಮುಗಿದ ಮೇಲೆ ಅಪ್ರೆಂಟಿಸ್ ತರಬೇತಿಯನ್ನು ಬಿಡಬಾರದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ: ಓಡುತ್ತಿರುವ ಯಂತ್ರದ ಸದ್ದು, ಬಿಸಿ, ವಾಸನೆಗಳ ಪರಿಚಯ ಅಲ್ಲೇ ಆಗುವುದು. ಯಾವುದು ದೋಷ, ಯಾವುದು ಅಲ್ಲ ಎಂದು ತಂತ್ರಾಂಶಕ್ಕೆ ಚಿತ್ರ ಗುರುತಿಸಿ ಕಲಿಸಲು ಈ ಅನುಭವವೇ ಬೇಕು.