ಗ್ಲೌಸ್ ಹಾಕಿದರೆ ಸ್ಪಿಂಡಲ್ ಮೌಲ್ಡರ್ ಸುರಕ್ಷಿತವೇ?

ಬಾಗಿಲು ಚೌಕಟ್ಟಿಗೆ ಡಿಸೈನ್ ಕೊರೆಯುವ ಸ್ಪಿಂಡಲ್ ಮೌಲ್ಡರನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ‘ಗ್ಲೌಸ್ ಇದ್ದರೆ ಯಾವ ಕಟ್ಟರ್ ಆದರೂ ನಡೆಯುತ್ತೆ’ ಎನ್ನುವುದುಂಟು. ಇದು ತಪ್ಪು. ಗ್ಲೌಸ್ ಕಟ್ಟರ್‌ಗೆ ಸಿಕ್ಕರೆ ಕೈಯನ್ನೂ ಒಳಗೆಳೆಯುತ್ತದೆ.

ಕಟ್ಟರ್ ಮೇಲೆ ಕೆತ್ತಿರುವ ಗರಿಷ್ಠ ವೇಗವನ್ನು ಮೊದಲು ನೋಡಿ. 125 ಮಿ.ಮೀ. ವ್ಯಾಸದ ಕಟ್ಟರ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 39 ಮೀಟರ್. 10,000 ಸುತ್ತಿಗೆ ಏರಿಸಿದರೆ 65 ಮೀಟರ್! ಯುರೋಪಿನ ಮಾನದಂಡದ ಪ್ರಕಾರ, ಕೈಯಿಂದ ಮರ ತಳ್ಳಲು ‘ಎಂಎಎನ್’ ಗುರುತಿನ ಕಟ್ಟರ್ ಬೇಕು.

ಹಣವಿದ್ದರೆ ಮೊದಲು ಪವರ್ ಫೀಡರ್ ಹಾಕಿಸಿ ಎನ್ನುತ್ತೇವೆ ನಾವು. ಅದರ ರಬ್ಬರ್ ಚಕ್ರಗಳು ಮರವನ್ನು ಒತ್ತಿ ಹಿಡಿದು ಒಂದೇ ವೇಗದಲ್ಲಿ ನೂಕುತ್ತವೆ; ಬೆರಳುಗಳು ದೂರ ಉಳಿಯುತ್ತವೆ. ಆದರೆ ಮರ ಸಾಗಬೇಕಾದ್ದು ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ.