ಅನುಮಾನ ಬಂದರೆ ಸಾಕು, ಸಾಕ್ಷಿ ಹುಡುಕಬೇಕಿಲ್ಲ

ಟ್ಯೂಷನ್ ಎಂದರೆ ಸಾಕು, ಪಕ್ಕದ ಮನೆಯ ಹುಡುಗಿ ಅಳಲು ಶುರು ಮಾಡುತ್ತಾಳೆ. ಶಾಲೆಯ ಆಯಾಗೆ ವ್ಯಾನ್ ಚಾಲಕನ ನಡವಳಿಕೆ ಸರಿಕಾಣುವುದಿಲ್ಲ. ಆದರೂ ಬಾಯಿ ಬಿಡುವವರು ಕಡಿಮೆ. 'ನಮಗ್ಯಾಕೆ ಊರ ಉಸಾಬರಿ? ನಾಳೆ ಏನೂ ಇಲ್ಲ ಅಂತಾದರೆ ನಮ್ಮ ಮೇಲೇ ಮಾನನಷ್ಟ ಕೇಸು ಹಾಕಿದರೆ?'

ಈ ಭಯಕ್ಕೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್‌ನಲ್ಲೇ ಉತ್ತರವಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದಾಗ ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ, ಯಾವ ಹೊಣೆಯೂ ಬರುವುದಿಲ್ಲ. ನಿಜ ಯಾವುದು, ಸುಳ್ಳು ಯಾವುದು ಎಂದು ಹುಡುಕುವುದು ತನಿಖಾಧಿಕಾರಿಯ ಕೆಲಸ. ಸುಳ್ಳು ದೂರಿಗೆ ಶಿಕ್ಷೆ ಇದೆ, ನಿಜ. ಆದರೆ ಅದು ಅವಮಾನಿಸಲು, ಹೆದರಿಸಲು, ಹಣ ಕೀಳಲು ಬೇಕೆಂದೇ ಕಥೆ ಕಟ್ಟಿದವರಿಗೆ.

ಅಪಾಯವಿರುವುದು ಸುಮ್ಮನಿರುವುದರಲ್ಲಿ. ಗೊತ್ತಿದ್ದೂ ಹೇಳದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲೊಂದರ ಬಾಲಕಿಯರಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರು ವಿಷಯ ತಿಳಿಸಲಿಲ್ಲ ಎಂಬ ಆರೋಪವಿತ್ತು. ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು.

ಇಷ್ಟಾದರೂ ಮಾಹಿತಿ ಕೊಟ್ಟವರಿಗಿರುವ ಈ ರಕ್ಷಣೆ ಅರ್ಧಂಬರ್ಧ. ನ್ಯಾಯಾಲಯದಲ್ಲಿ ಅದು ಕಾಯುತ್ತದೆ, ಬೀದಿಯಲ್ಲಿ ಕಾಯುವುದಿಲ್ಲ. ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡದಂತೆ ತಡೆಯುವ ಕಾಯ್ದೆ, ಮಾಹಿತಿ ಕೊಟ್ಟವರ ಹೆಸರಿನ ವಿಷಯದಲ್ಲಿ ಅಷ್ಟು ಕಾಳಜಿ ತೋರಿಲ್ಲ. ಸಣ್ಣ ಊರಿನಲ್ಲಿ ಠಾಣೆಯ ಸುದ್ದಿ ಸಂಜೆಯೊಳಗೆ ಟೀ ಅಂಗಡಿ ತಲುಪಿರುತ್ತದೆ. ತನ್ನದೇ ಆಡಳಿತ ಮಂಡಳಿಯ ವಿರುದ್ಧ ದೂರು ಕೊಟ್ಟ ಶಿಕ್ಷಕಿಯ ನೌಕರಿ ಉಳಿಸುವ ಸಾಲು 19ನೇ ಸೆಕ್ಷನ್‌ನಲ್ಲಿ ಇಲ್ಲವೇ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಜೀವ ಬೆದರಿಕೆಗೆ ಭದ್ರತೆ ಕೇಳಬಹುದು, ಸಂಬಳ ಕೇಳಲಾಗದು. ಈ ಕೊರತೆ ತುಂಬಬೇಕಾದುದು ಸಂಸತ್ತು.

ಅಲ್ಲಿಯವರೆಗೆ ಕಾಯುವಷ್ಟು ಹೊತ್ತು ಮಗುವಿಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಠಾಣೆಗೆ ಹೋಗಿ. ನೀವು ಹೇಳಿದ್ದನ್ನು ಪೊಲೀಸರು ಬರೆದುಕೊಂಡು, ನಮೂದು ಸಂಖ್ಯೆ ಹಾಕಿ, ನಿಮಗೆ ಓದಿ ಹೇಳಲೇಬೇಕು. ಓದಿ ಹೇಳದಿದ್ದರೆ ಕೇಳಿ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.